ಕೇದಾರಕ್ಕೆ ಹೊರಟು ಲಿಂಚೌಲಿಯಿಂದ ಇಳಿದದ್ದು



"ಅಣ್ಣ, ನೀವು ಕೇದಾರಕ್ಕೆ ಹೋಗಿದ್ರಂತಲ್ಲ, ನಾವೂ ಹೊರಡೋಣ ಅಂತಿದೀವಿ, ಹೆಂಗೆ ಏನು ಅಂತ ಬರೀರಿ" ಅಂತ ಸುಮಾರು ಜನ ಕೇಳ್ತಿದ್ದಾರೆ. ಅದಕ್ಕೇ ಈ ಬರಹ. ಬೆಳೆ ವಿಷಯವೂ ನಡುವೆ ಬರುತ್ತೆ, ಬೇಜಾರು ಮಾಡ್ಕೋಬೇಡಿ. ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಹೋದವರು ನಾಲ್ಕು ಜನ, ದೇವಸ್ಥಾನ ನೋಡಿದವರು ಇಬ್ಬರು. ನೋಡದ ಇಬ್ಬರಲ್ಲಿ ನಾನೊಬ್ಬ.

ಹೋಗಿದ್ದು 2023ರ ನವೆಂಬರ್, ದೀಪಾವಳಿಗೆ ಮೊದಲು. ಆ ವರ್ಷ ಹೆಂಗಿತ್ತು ಅಂತ ನಿಮಗೆ ನಾನು ಹೇಳಬೇಕಾ? ರಾಜ್ಯದ 236 ತಾಲೂಕಲ್ಲಿ 223ಕ್ಕೆ ಬರ ಅಂತ ಸರ್ಕಾರವೇ ಘೋಷಣೆ ಮಾಡಿತ್ತು. ಬೇರೆ ವರ್ಷವಾದ್ರೆ ನವೆಂಬರಲ್ಲಿ ರಾಗಿ ಕೊಯ್ಲು ಬಿಟ್ಟು ಸಿಡ್ಲಘಟ್ಟಕ್ಕೆ ಹೋಗಿ ಬರೋಕೂ ಪುರುಸೊತ್ತು ಇರಲ್ಲ. ಆ ವರ್ಷ ಹೊಲದಲ್ಲಿ ತೆನೆಯೇ ಇಲ್ಲ. ಇದ್ದ ಹುಲ್ಲನ್ನ ದನಕ್ಕಾದ್ರೂ ಆಗಲಿ ಅಂತ ಕೊಯ್ದು ಹಾಕಿದ್ವಿ. ಕೈಯಲ್ಲಿ ಕೆಲಸ ಇಲ್ಲದೇ ಇದ್ದದ್ದಕ್ಕೇ ನಾವು ಹಿಮಾಲಯ ಕಂಡಿದ್ದು.

ನಾಲ್ಕು ಜನ ಅಂದ್ನಲ್ಲ, ಹೆಸರು ಬೇಡ, ಬೆಳೆ ಹೇಳ್ತೀನಿ. ಚಿಂತಾಮಣಿ ಕಡೆಯ ನಮ್ಮ ಟೊಮ್ಯಾಟೊ ಭಾವ. ಆ ಜುಲೈನಲ್ಲಿ 15 ಕೆಜಿ ಕ್ರೇಟು ಎರಡು ಸಾವಿರ ದಾಟಿದ್ದು ನೆನಪಿದೆಯಲ್ಲ, ಆಗ ಅವರ ಒಂದು ಎಕರೆ ಬಿಡಿಸೋಕೆ ಬಂದಿತ್ತು. "ರೈಲು ಟಿಕೆಟ್ ದುಡ್ಡು ನಂದು" ಅಂದ್ರು. ಎರಡನೆಯವರು ರೇಷ್ಮೆ ಸ್ನೇಹಿತರು, ಗೂಡು ಮಾರ್ಕೆಟ್‌ಗೆ ಹಾಕಿ ಹುಳದ ಮನೆ ತೊಳೆದು ಬಂದಿದ್ರು. ಮೂರನೆಯವರು ಹಸು ಕಟ್ಟಿರೋ ಅಣ್ಣ, ನಮಗೆಲ್ಲ ಹಿರಿಯರು, ಆಗ 58 ವರ್ಷ. ನಾಲ್ಕನೆಯವನು ನಾನು.

ಕೇದಾರದ ಬಾಗಿಲು ಏಪ್ರಿಲ್ ಕೊನೆ ಇಲ್ಲ ಮೇ ತಿಂಗಳಲ್ಲಿ ತೆಗೀತಾರೆ, ದೀಪಾವಳಿ ಕಳೆದು ಬರೋ ಬಿದಿಗೆ ದಿನ ಮುಚ್ತಾರೆ. 2023ರಲ್ಲಿ ಮುಚ್ಚಿದ್ದು ನವೆಂಬರ್ 15. ಅಂದ್ರೆ ನಾವು ಹೋಗಿದ್ದು ಸೀಸನ್ನಿನ ಕಟ್ಟಕಡೆಗೆ. ಜನ ಕಡಿಮೆ, ರೂಮು ಅಗ್ಗ. ಆದ್ರೆ ಚಳಿ ಮೂಳೆಗೆ ಇಳಿಯುತ್ತೆ, ದಾರಿಯ ಅರ್ಧ ಅಂಗಡಿ ತಟ್ಟಿ ಬಿಚ್ಚಿ ಊರಿಗೆ ಹೋಗಿರ್ತಾರೆ. ನಮ್ಮ ಜೀಪಿನ ಹುಡುಗ ಹೇಳ್ತಿದ್ದ, "ಇನ್ನೆರಡು ತಿಂಗಳು ಬಿಟ್ಟು ಬನ್ನಿ, ಔಲಿಯಲ್ಲಿ ಕಾಲಿಗೆ ಹಲಗೆ ಕಟ್ಕೊಂಡು ಹಿಮದ ಮೇಲೆ ಜಾರ್ತಾರೆ, ನೋಡಬಹುದು" ಅಂತ. ಅಣ್ಣ ಅಂದ್ರು, "ನಾವು ಕೆಸರುಗದ್ದೆಯಲ್ಲಿ ಜಾರಿದ್ದು ಸಾಲದಾ?"

ಗೌರಿಬಿದನೂರು ದಾಟಿ ಹೋಗೋ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ದೆಹಲಿ, ಅಲ್ಲಿಂದ ಹರಿದ್ವಾರ, ಋಷಿಕೇಶ. ಮುಂದೆ ಬರೀ ಘಾಟಿ. ದೇವಪ್ರಯಾಗದಲ್ಲಿ ಅಲಕನಂದಾ, ಭಾಗೀರಥಿ ಸೇರಿ ಗಂಗೆ ಆಗೋದು ರಸ್ತೆಯಿಂದಲೇ ಕಾಣುತ್ತೆ. ರುದ್ರಪ್ರಯಾಗದಲ್ಲಿ ಮಂದಾಕಿನಿ ಸೇರುತ್ತೆ, ಅದರ ಪಕ್ಕ ಹಿಡ್ಕೊಂಡು ಹೋದ್ರೆ ಗುಪ್ತಕಾಶಿ. ಬತ್ತಿದ ಬೋರು ಬಿಟ್ಟು ಬಂದ ನಾಲ್ಕು ಜನಕ್ಕೆ ಅಷ್ಟೊಂದು ನೀರು ಹಗಲೂ ರಾತ್ರಿ ಸುಮ್ನೆ ಹರಿದು ಹೋಗೋದು ನೋಡಿ ಮಾತೇ ಬರಲಿಲ್ಲ.

ಗುಪ್ತಕಾಶಿಯಲ್ಲಿ ಉಳಿದಿದ್ದ ಮನೆ ತಾರಸಿ ಮೇಲೆ ಏನೋ ಹರಡಿದ್ರು. ದೂರದಿಂದ ಸಾಸಿವೆ ಅಂದ್ಕೊಂಡೆ. ಹತ್ತಿರ ಹೋಗಿ ಕೈಗೆ ತಗೊಂಡ್ರೆ ರಾಗಿ! ಅಲ್ಲಿ ಅದಕ್ಕೆ ಮಂಡುವಾ ಅಂತಾರೆ, ಕೋದಾ ಅಂತಲೂ ಅಂತಾರೆ. ಬೆಟ್ಟಕ್ಕೆ ಮೆಟ್ಟಿಲು ಥರ ಕಡಿದ ಸಣ್ಣ ಸಣ್ಣ ಪಟ್ಟೆಯಲ್ಲಿ ಮಳೆ ನಂಬಿ ಬೆಳೀತಾರೆ. ನಾವು ಮುದ್ದೆ ಮಾಡೋದನ್ನ ಅವರು ರೊಟ್ಟಿ ತಟ್ತಾರೆ. ಆ ರಾತ್ರಿ ತುಪ್ಪ ಹಚ್ಚಿ ಕೊಟ್ರು, ಅಣ್ಣ ನಾಲ್ಕು ತಿಂದ್ರು.

ಇನ್ನೊಂದು ವಿಷಯ ನಿಮಗೆ ಇಷ್ಟ ಆಗುತ್ತೆ. ನಾವು ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಹಾಕಿ ಅವರೆ, ತೊಗರಿ, ಜೋಳ, ಹುಚ್ಚೆಳ್ಳು ಬಿತ್ತುತೀವಲ್ಲ, ಅಲ್ಲೂ ಅದೇ ಲೆಕ್ಕ. ಬಾರಹ್ ನಾಜಾ, ಅಂದ್ರೆ ಹನ್ನೆರಡು ಧಾನ್ಯ ಅಂತ ಹೆಸರು. ರಾಗಿ ಜೊತೆ ದಂಟಿನ ಬೀಜ, ರಾಜ್ಮಾ, ಉದ್ದು, ಹುರುಳಿ. ಒಂದು ಹೋದ್ರೆ ಇನ್ನೊಂದು ಕೈ ಹಿಡಿಯುತ್ತೆ ಅಂತ ಆ ಮನೆ ಅಜ್ಜಿ ಹೇಳಿದ್ದನ್ನ ಭಾವ ತಿಳಿಸಿದ್ರು. ಮಂಡಿಯಲ್ಲಿ ಉತ್ತರದ ವ್ಯಾಪಾರಿಗಳ ಜೊತೆ ಕಲಿತ ಹಿಂದಿ ಅಲ್ಲಿ ಕೆಲಸಕ್ಕೆ ಬಂತು. ಕಷ್ಟವೂ ನಮ್ಮದೇ, ಹಂದಿ ಕಾಟ, ಕೋತಿ ಕಾಟ, ಹೊಲ ಬಿಟ್ಟು ಪಟ್ಟಣ ಸೇರೋ ಮಕ್ಕಳು. ಊರು ಖಾಲಿ ಆಗೋದು ಎಷ್ಟು ಜಾಸ್ತಿ ಅಂದ್ರೆ ಆ ರಾಜ್ಯದ ಸರ್ಕಾರ 2017ರಲ್ಲಿ ಅದಕ್ಕೇ ಅಂತ ಒಂದು ಆಯೋಗ ಮಾಡಿದೆ. ಹೊರಡುವಾಗ ಅಜ್ಜಿ ಒಂದು ಹಿಡಿ ರಾಗಿ ಕಾಗದದಲ್ಲಿ ಕಟ್ಟಿಕೊಟ್ರು.

ಅಣ್ಣನ ಚೀಲದಲ್ಲೂ ಒಂದು ಗಂಟು ಇತ್ತು. ಎರಡು ಎಕರೆ ಖುಷ್ಕಿಯಲ್ಲಿ ಆ ವರ್ಷ ಹುಡುಕಿ ಹುಡುಕಿ ಆರಿಸಿದ ತೆನೆಯಿಂದ ಉಜ್ಜಿದ ಒಂದು ಬೊಗಸೆ ರಾಗಿ, ಅರ್ಧ ಜೊಳ್ಳು. ಕೇದಾರನ ಮುಂದೆ ಇಟ್ಟು ಮಳೆ ಕೇಳಬೇಕು ಅಂತ ಹರಕೆ. ನಮಗೆ ಅದು ಗೊತ್ತಾಗಿದ್ದು ಅಲ್ಲೇ.

ಮಾರನೇ ದಿನ ಸೋನ್‌ಪ್ರಯಾಗದಿಂದ ಅಲ್ಲಿನ ಜೀಪಲ್ಲಿ ಗೌರಿಕುಂಡ. ಅಲ್ಲಿಂದ ನಡಿಗೆ, ಸುಮಾರು 16 ಕಿಲೋಮೀಟರ್. ನಮ್ಮ ನಂದಿ ಬೆಟ್ಟದ ತುದಿ 1,478 ಮೀಟರ್. ಗೌರಿಕುಂಡವೇ ಅದಕ್ಕಿಂತ ಎತ್ತರ, ಹತ್ತಿರ ಹತ್ತಿರ 2,000. ಕೇದಾರ 3,583. ಬುಡದಿಂದ ನಂದಿ ಬೆಟ್ಟ ಹತ್ತಿದ ಹಾಗೆ ಒಂದೇ ದಿನದಲ್ಲಿ ಮೂರು ಸಲ ಹತ್ತಬೇಕು, ಅದೂ ಗಾಳಿ ತೆಳ್ಳಗಾಗ್ತಾ ಹೋಗೋ ಕಡೆ. ಮೇಲೆ ಒಂದು ಉಸಿರಿಗೆ ಸಿಗೋ ಆಮ್ಲಜನಕ ಸಮುದ್ರದ ಮಟ್ಟದಲ್ಲಿ ಸಿಗೋದರ ಮೂರನೇ ಎರಡು ಪಾಲು ಅಷ್ಟೆ.

ಭೀಮಬಲಿವರೆಗೆ ಚೆನ್ನಾಗೇ ಹೋದ್ವಿ. ಲಿಂಚೌಲಿ ಹತ್ರ ಬರೋ ಹೊತ್ತಿಗೆ ದಾರಿ ಪಕ್ಕ ನೆರಳಿದ್ದ ಕಡೆ ಹಿಮ ಶುರುವಾಯ್ತು. ಸುಣ್ಣದ ರಾಶಿ ಸುರಿದ ಹಾಗೆ. ನಾನು ಹಿಮ ಮುಟ್ಟಿ ಮಕ್ಕಳ ಥರ ಫೋಟೋ ತೆಗೀತಿದ್ದೆ. ರೇಷ್ಮೆ ಸ್ನೇಹಿತರು ಮಾತ್ರ ಅಣ್ಣನ್ನೇ ನೋಡ್ತಿದ್ರು. ಟೀ ಕೊಟ್ರೆ ಅಣ್ಣ ಬೇಡ ಅಂದ್ರು, ಬಿಸ್ಕತ್ತೂ ಬೇಡ, ತಲೆ ಸಿಡೀತಿದೆ ಅಂತ ಕಲ್ಲಿಗೆ ಒರಗಿ ಕೂತ್ರು. ಸ್ನೇಹಿತರು ನನ್ನ ಕಿವಿಯಲ್ಲಿ, "ಹುಳ ಸೊಪ್ಪು ಮುಟ್ಟದೆ ಇದ್ರೆ ಸುಮ್ನೆ ಇರೋ ಹಂಗಿಲ್ಲ" ಅಂದ್ರು. ಕೊರೊನಾ ಟೈಮಲ್ಲಿ ತಗೊಂಡಿದ್ದ ಬೆರಳಿಗೆ ಹಾಕೋ ಮೀಟರ್ ಅವರ ಜೇಬಲ್ಲಿತ್ತು. ನಮ್ಮ ಮೂವರದ್ದು 88, 86, 84. ಅಣ್ಣನದ್ದು 72. ಕೈ ಉಜ್ಜಿ ಬಿಸಿ ಮಾಡಿ ಮತ್ತೆ ಹಾಕಿದ್ವಿ. 71.

ದಾರಿಯಲ್ಲಿದ್ದ ಚಿಕಿತ್ಸೆ ಡೇರೆಗೆ ಕರ್ಕೊಂಡು ಹೋದ್ವಿ. ಅರ್ಧ ಗಂಟೆ ಆಮ್ಲಜನಕ ಕೊಟ್ಟು ಅಲ್ಲಿದ್ದ ಹುಡುಗ ಡಾಕ್ಟರು ಒಂದೇ ಮಾತು ಹೇಳಿದ್ರು, "ಇಳಿಸಿ. ಇದಕ್ಕೆ ಇಳಿಯೋದೇ ಔಷಧಿ."

ಅಣ್ಣ ಕೇಳಲಿಲ್ಲ. "ಇನ್ನು ನಾಲ್ಕೈದು ಕಿಲೋಮೀಟರ್ ಕಣ್ರೋ. ಕುದುರೆ ಮೇಲೆ ಕೂರಿಸಿ."

"ಕುದುರೆ ಹತ್ತಿದ್ರೆ ಕಾಲಿಗೆ ಸುಖ ಅಣ್ಣ, ಉಸಿರು ಎಲ್ಲಿಂದ ಬರುತ್ತೆ?" ಅಂದೆ.

"ಬಂದಿದ್ದು ಬಂದಾಗಿದೆ, ಅಲ್ಲೇ ಹೋದ್ರೂ ಪುಣ್ಯವೇ" ಅಂದ್ರು.

ಆಗ ಭಾವಂಗೆ ಸಿಟ್ಟು ಬಂತು. "ಪುಣ್ಯ ನಿಮಗೆ. ನಾಳೆ ಬೆಳಿಗ್ಗೆ ಹಾಲು ಕರೆಯೋ ನಿಮ್ಮ ಮಗಂಗೆ ನಾವು ಏನಂತ ಫೋನ್ ಮಾಡೋಣ?" ಅಣ್ಣ ಬಾಯಿ ಮುಚ್ಚಿದ್ರು. ಭಾವ ನಾಲ್ವರೂ ಇಳಿಯೋಣ ಅಂದ್ರು, ಅದಕ್ಕೆ ಅಣ್ಣ ಒಪ್ಪಲಿಲ್ಲ. ಗಂಟು ತೆಗೆದು ಭಾವನ ಕೈಗೆ ಕೊಟ್ಟು, "ನೀವಿಬ್ಬರು ಹೋಗಿ ಇದನ್ನ ಇಟ್ಟು ಬನ್ನಿ" ಅಂದ್ರು. ಜೊತೆಗೆ ನಾನು ಇಳೀತೀನಿ ಅಂದೆ. ಅದರಲ್ಲಿ ದೊಡ್ಡತನ ಏನೂ ಇಲ್ಲ. ನನ್ನ ಬೋರು ನಿಂತ ವರ್ಷ ಅಣ್ಣ ತಮ್ಮ ನೀರಲ್ಲೇ ಮೂರು ತಿಂಗಳು ನನ್ನ ದ್ರಾಕ್ಷಿ ಉಳಿಸಿದ್ರು, ಒಂದು ರೂಪಾಯಿ ತಗೊಳ್ಳಲಿಲ್ಲ. ಆ ಲೆಕ್ಕ ನನ್ನ ತಲೆಯಲ್ಲಿತ್ತು.

ಇಳೀತಾ ಇಳೀತಾ ಅಣ್ಣನ ಮುಖಕ್ಕೆ ರಕ್ತ ಬಂತು. ಒಂದು ಗಂಟೆಯಲ್ಲಿ ಮಾತಾಡೋಕೆ ಶುರು ಮಾಡಿದ್ರು. ರಾಮಬಾಡಾ ಅನ್ನೋ ಜಾಗದಲ್ಲಿ ಕೂತ್ವಿ. ಮೊದಲು ಅಲ್ಲಿ ಅಂಗಡಿ, ಛತ್ರ ಎಲ್ಲ ಇದ್ದ ಪೇಟೆಯಂತೆ. ಈಗ ಬರೀ ಬಂಡೆ. 2013ರ ಜೂನ್ 16, 17ರ ಪ್ರವಾಹದಲ್ಲಿ ಇಡೀ ಪೇಟೆ ಕೊಚ್ಚಿಹೋಯ್ತು. ಹಳೇ ದಾರಿಯೂ ಹೋಯ್ತು, ಅಲ್ಲಿಂದ ಮೇಲಕ್ಕೆ ಹೊಸ ದಾರಿ ನದಿ ಆಚೆ ದಡದಲ್ಲಿದೆ. ದೇವಸ್ಥಾನದ ಮೇಲ್ಗಡೆ ಚೋರಾಬಾರಿ ಅಂತ ಒಂದು ಕೆರೆ ಇತ್ತು. ಹಿಮನದಿ ತಳ್ಳಿ ತಂದು ಗುಡ್ಡೆ ಹಾಕಿದ ಕಲ್ಲು ಮಣ್ಣೇ ಅದಕ್ಕೆ ಏರಿ. ವಿಪರೀತ ಮಳೆ, ಜೊತೆಗೆ ಕರಗಿದ ಹಿಮ ಸೇರಿ 17ರ ಬೆಳಿಗ್ಗೆ ಒಡೆದು ಹೋಯ್ತು. ಆ ಎರಡು ದಿನದಲ್ಲಿ ಸಾವಿರಾರು ಜನ ಸತ್ತರು.

ಇದನ್ನ ಹೇಳಿದಾಗ ಅಣ್ಣ ಕೇಳಿದ ಮೊದಲ ಪ್ರಶ್ನೆ: "ಆ ಕೆರೆಗೆ ಕೋಡಿ ಎಲ್ಲಿತ್ತು?"

ಇರಲಿಲ್ಲ. ನೀರು ತಳದಲ್ಲಿ ಜಿನುಗಿ ಹೋಗ್ತಿತ್ತು ಅಷ್ಟೆ, ಮೇಲೆ ಹರಿದು ಹೋಗೋಕೆ ದಾರಿ ಇರಲಿಲ್ಲ. ಕೋಡಿ ಇಲ್ಲದ ಕೆರೆಯನ್ನ ನಮ್ಮ ಹಿಂದಿನವರು ಒಂದಾದ್ರೂ ಕಟ್ಟಿದಾರಾ ನೋಡಿ. ವರ್ಷಪೂರ್ತಿ ಹರಿಯೋ ನದಿ ಇಲ್ಲದ ಸೀಮೆಯಲ್ಲಿ ಹನಿ ಹನಿಗೂ ಏರಿ ಹಾಕಿದವರು, ಹೆಚ್ಚಾಗಿದ್ದನ್ನ ಬಿಡೋಕೂ ಜಾಗ ಇಟ್ಟಿದ್ರು. ನಾವು ಆ ಕೋಡಿ ಕಾಲುವೆ ಮೇಲೆ ಸೈಟು, ಶೆಡ್ಡು ಮಾಡಿದೀವಿ. 2021ರ ನವೆಂಬರ್ ಮಳೆಗೆ ನಮ್ಮ ಕಡೆ ಕೆರೆಗಳು ಕೋಡಿ ಬಿದ್ದಾಗ ನೀರು ರಸ್ತೆಗೆ, ಮನೆಗೆ ನುಗ್ಗಿದ್ದು ಮರೆತಿಲ್ಲ ತಾನೆ? ಈಗ ಹೆಬ್ಬಾಳ–ನಾಗವಾರ ಯೋಜನೆಯ ನೀರಿಂದ ಎಷ್ಟೋ ಕೆರೆ ಮೊದಲೇ ತುಂಬಿರ್ತವೆ. ಅದರ ಮೇಲೆ ದೊಡ್ಡ ಮಳೆ ಬಂದ್ರೆ ಹಿಡಿಯೋಕೆ ಜಾಗ ಕಮ್ಮಿ. ನಿಮ್ಮ ಊರ ಕೆರೆ ಕೋಡಿ ತನಕ ಒಂದು ಸಲ ನಡೆದು ನೋಡಿ ಬನ್ನಿ, ಬಿಡುವಾದಾಗ.

ಆ ರಾತ್ರಿ ಭೀಮಬಲಿಯಲ್ಲಿ ಉಳಿದ್ವಿ. ಮೀಟರ್ 85 ತೋರಿಸ್ತು, ಅಣ್ಣ ಬಿಸಿ ಬಿಸಿ ಕಿಚಡಿ ತಿಂದ್ರು. ಮಾರನೇ ದಿನ ಮಧ್ಯಾಹ್ನ ಅವರಿಬ್ಬರೂ ಇಳಿದು ಬಂದ್ರು. ಮೇಲೆ ರಾತ್ರಿ ಬಕೆಟ್ ನೀರು ಗಟ್ಟಿಯಾಗಿತ್ತಂತೆ. ಪ್ರವಾಹದಲ್ಲಿ ಉರುಳಿ ಬಂದು ದೇವಸ್ಥಾನದ ಹಿಂದೆ ನಿಂತು ನೀರನ್ನ ಎರಡು ಕಡೆ ಸೀಳಿದ ಭೀಮಶಿಲೆ ನೋಡಿದ್ರಂತೆ. ಅಲ್ಲಿನ ರಾವಲ್, ಅರ್ಚಕರು ನಮ್ಮ ದಕ್ಷಿಣದ ವೀರಶೈವ ಜಂಗಮರೇ ಆಗಿರೋದು ತಲೆತಲಾಂತರದ ಪದ್ಧತಿ. ಒಬ್ಬರ ಹತ್ರ ಭಾವ ಕನ್ನಡದಲ್ಲೇ ಮಾತಾಡಿ ಗಂಟು ಕೊಟ್ರಂತೆ. "ಬರದ ರಾಗಿ" ಅಂದಾಗ ಅವರು ಎರಡೂ ಕೈ ಚಾಚಿ ತಗೊಂಡ್ರಂತೆ.

ವಾಪಸ್ ಬರ್ತಾ ಊಖೀಮಠಕ್ಕೆ ಹೋದ್ವಿ, ಪಂಚಪೀಠಗಳಲ್ಲಿ ಒಂದಾದ ಕೇದಾರ ಪೀಠ ಇರೋದು ಅಲ್ಲೇ. ಸುಮಾರು 1,300 ಮೀಟರ್, ನಂದಿ ಬೆಟ್ಟಕ್ಕಿಂತ ತಗ್ಗು. ಬಾಗಿಲು ಮುಚ್ಚಿದ ಮೇಲೆ ಕೇದಾರನ ಪಲ್ಲಕ್ಕಿ ಇಳಿದು ಇಲ್ಲಿನ ಓಂಕಾರೇಶ್ವರ ಗುಡಿಗೆ ಬರುತ್ತೆ, ಚಳಿಗಾಲ ಪೂರ್ತಿ ಪೂಜೆ ಇಲ್ಲೇ. ಅಣ್ಣ ಕೈ ಮುಗಿದು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅಂದ್ರು, "ಚಳಿ ಜಾಸ್ತಿ ಆದ್ರೆ ಅವನೂ ಇಳೀತಾನೆ. ನಾನು ಒಂದು ವಾರ ಮುಂಚೆ ಬಂದೆ ಅಷ್ಟೆ." ಲಿಂಚೌಲಿ ಬಿಟ್ಟ ಮೇಲೆ ಅವರು ನಕ್ಕಿದ್ದು ಅದೇ ಮೊದಲು.

ಹೋಗೋರಿಗೆ ನಾಲ್ಕು ಮಾತು:

– ಯಾತ್ರೆಗೆ ಮುಂಚೆಯೇ ನೋಂದಣಿ ಮಾಡಿಸಬೇಕು, ಇಲ್ಲದಿದ್ರೆ ಮುಂದಕ್ಕೆ ಬಿಡಲ್ಲ.

– ಗುಪ್ತಕಾಶಿಗೆ ಬಂದ ಮಾರನೇ ದಿನವೇ ಹತ್ತಬೇಡಿ. ಗೌರಿಕುಂಡದ ಹತ್ರ ಒಂದು ರಾತ್ರಿ, ನಡುವೆ ಒಂದು ರಾತ್ರಿ ಉಳಿದ್ರೆ ಮೈ ಒಗ್ಗುತ್ತೆ. ಹೆಲಿಕಾಪ್ಟರಲ್ಲಿ ನೇರ ಇಳಿದವರಿಗೆ ಆ ಅವಕಾಶವೂ ಇರಲ್ಲ.

– ಗಟ್ಟಿ ಆಳು, ಮೆತ್ತಗಿನ ಆಳು ಅಂತ ಲೆಕ್ಕ ಇಲ್ಲ. ದಿನಾ ಹುಲ್ಲು ಹೊರೆ ಹೊರೋ ಅಣ್ಣಂಗೆ ಆಯ್ತು, ಬೀಡಿ ಸೇದೋ ಭಾವಂಗೆ ಏನೂ ಆಗಲಿಲ್ಲ. ಊರಿಗೆ ಬಂದು ತೋರಿಸಿದ್ರೆ ಅಣ್ಣನ ಹೃದಯ ಚೆನ್ನಾಗೇ ಇತ್ತು. ತಲೆನೋವು, ವಾಂತಿ, ಊಟ ಬೇಡ ಅನ್ನೋದು ಶುರುವಾದ್ರೆ ಅಲ್ಲಿಂದ ಮೇಲೆ ಹೆಜ್ಜೆ ಇಡಬೇಡಿ. ಕಮ್ಮಿ ಆಗದಿದ್ರೆ ಇಳೀರಿ.

– ಒಬ್ಬರು ಇಳಿಯೋದಾದ್ರೆ ಜೊತೆಗೆ ಯಾರು ಅಂತ ಊರಲ್ಲೇ ಮಾತಾಡ್ಕೊಳ್ಳಿ. ಅಲ್ಲಿ ನಿಂತು ಮಾತಾಡೋದು ಕಷ್ಟ.

ಆ ಅಜ್ಜಿ ಕೊಟ್ಟ ಮಂಡುವಾ ರಾಗಿಯನ್ನ 2024ರ ಜುಲೈನಲ್ಲಿ ಜಿಪಿಯು-28 ಪಕ್ಕದಲ್ಲೇ ಸಣ್ಣ ಮಡಿ ಮಾಡಿ ಹಾಕಿದ್ದೆ. ಗಿಡ ಮೊಣಕಾಲು ಮೇಲೆ ಬರಲಿಲ್ಲ, ನಮ್ಮದಕ್ಕಿಂತ ಮೂರು ವಾರ ಮುಂಚೆ ತೆನೆ ಬಂತು, ಬೆಂಕಿ ರೋಗವೂ ಸ್ವಲ್ಪ ಬಿತ್ತು. ಇಳುವರಿಗೆ ಅಂತ ಯಾರೂ ಕೇಳಬೇಡಿ. ಎರಡು ಸೇರು ಆಯ್ತು. ಒಂದು ಸೇರು ಅಣ್ಣನ ಮನೆಗೆ ಕೊಟ್ಟೆ, ರೊಟ್ಟಿ ಮಾಡಿಸಿ ತಿಂದ್ರು. ಉಳಿದಿದ್ದು ಬೂದಿ ಬೆರೆಸಿ ಇಟ್ಟಿದೀನಿ. ಒಂದು ಹಿಡಿ ಹಾಕಿ ನೋಡ್ತೀನಿ ಅನ್ನೋರು ಮನೆ ಕಡೆ ಬನ್ನಿ.