ಖೋಡದ್ ಗ್ರಾಮದಲ್ಲಿ ನಕ್ಷತ್ರಗಳ ನಾಡಿ

ಅಷ್ಟವಿನಾಯಕಯಾತ್ರೆಯನ್ನು ಮಾಡಿ ಬಂದವರು ನಮ್ಮ ವಾಚಕರಲ್ಲಿ ಬಹುಮಂದಿ ಇರಬಹುದು. ಪುಣೆಯಿಂದ ನಾಸಿಕದ ಹೆದ್ದಾರಿಯಲ್ಲಿ ಉತ್ತರಕ್ಕೆ ಸುಮಾರು ೮೦ ಕಿಲೋಮೀಟರು ಹೋದರೆ ನಾರಾಯಣಗಾಂವ್ ಎಂಬ ಪೇಟೆಯ ಊರು ಸಿಕ್ಕುವುದು. ಎಂಟು ವಿನಾಯಕರಲ್ಲಿ ಇಬ್ಬರು, ಓಝರಿನ ವಿಘ್ನೇಶ್ವರನೂ ಲೇಣ್ಯಾದ್ರಿಯ ಗಿರಿಜಾತ್ಮಜನೂ, ಅದರ ಆಸುಪಾಸಿನಲ್ಲಿಯೇ ನೆಲಸಿರುವರು. ೧೬೩೦ರಲ್ಲಿ ಶಿವಾಜಿ ಮಹಾರಾಜರು ಜನಿಸಿದ ಶಿವನೇರಿ ದುರ್ಗವೂ ಅಲ್ಲಿಂದ ದೂರವಿಲ್ಲ. ಯಾತ್ರಿಕರು ಇವಿಷ್ಟನ್ನು ನೋಡಿ, ಬುಟ್ಟಿ ತುಂಬ ದ್ರಾಕ್ಷಿಯನ್ನು ಕೊಂಡು, ಮುಂದಿನ ಕ್ಷೇತ್ರಕ್ಕೆ ಹೊರಟುಬಿಡುವರು. ಅದೇ ಪೇಟೆಯಿಂದ ಪೂರ್ವಕ್ಕೆ ಒಡೆಯುವ ದಾರಿಯಲ್ಲಿ ಖೋಡದ್ ಎಂಬ ಹಳ್ಳಿಯುಂಟು. ಅಲ್ಲಿಗೆ ಹೋಗುವ ಯಾತ್ರಿಕರು ವಿರಳ.

ನಾವು ಅಲ್ಲಿಗೆ ಹೋದದ್ದು ಫೆಬ್ರವರಿ ೨೮ರಂದು. ಸರ್ ಸಿ. ವಿ. ರಾಮನ್ನರು ೧೯೨೮ರಲ್ಲಿ ತಮ್ಮ ಪ್ರಸಿದ್ಧವಾದ ಸಂಶೋಧನೆಯನ್ನು ಕಂಡುಕೊಂಡ ದಿನವದು. ದೇಶದಲ್ಲೆಲ್ಲ ವಿಜ್ಞಾನದಿನವೆಂದು ಆಚರಿಸಲ್ಪಡುವುದು. ಆ ದಿನ ಖೋಡದಿನ ವೀಕ್ಷಣಾಲಯವು ಶಾಲೆಯ ಮಕ್ಕಳಿಗಾಗಿಯೂ ಊರ ಜನರಿಗಾಗಿಯೂ ತನ್ನ ಬಾಗಿಲನ್ನು ತೆರೆದು ಪ್ರದರ್ಶನವನ್ನು ಏರ್ಪಡಿಸುವುದು. ನಾನು, ನಮ್ಮ ಮನೆಯಾಕೆ, ಆಕೆಯ ತಂಗಿ, ತಂಗಿಯ ಇಬ್ಬರು ಮೊಮ್ಮಕ್ಕಳು, ಹೀಗೆ ಐವರು ಹಿಂದಿನ ದಿನ ಲೇಣ್ಯಾದ್ರಿಯ ಮೆಟ್ಟಿಲುಗಳನ್ನು ಹತ್ತಿ ಇಳಿದ ಮೊಣಕಾಲುಗಳೊಡನೆ ಅಲ್ಲಿಗೆ ತಲಪಿದೆವು.

ಈರುಳ್ಳಿ, ಕಬ್ಬು, ಟೊಮೆಟೊಗಳ ಹೊಲಗಳ ನಡುವೆ ಆ ಬಟ್ಟಲುಗಳು ದೂರದಿಂದಲೇ ಕಾಣುವುವು. ಒಂದೊಂದರ ಬಾಯಿಯ ಅಗಲ ೪೫ ಮೀಟರು. ನಮ್ಮೂರಿನ ದೊಡ್ಡ ದೇವಸ್ಥಾನದ ಅಂಗಳವೆಲ್ಲ ಅದರೊಳಗೆ ಹಿಡಿದೀತು. ಇಂತಹವು ಒಟ್ಟು ೩೦. ಹದಿನಾಲ್ಕು ಒಂದು ಕಿಲೋಮೀಟರಿನಷ್ಟು ಜಾಗದಲ್ಲಿ ಗುಂಪಾಗಿವೆ. ಮಿಕ್ಕ ಹದಿನಾರು ಮೂರು ಕವಲುಗಳಾಗಿ ಹಳ್ಳಿಗಳ ನಡುವೆ ಹರಡಿ ಸುಮಾರು ೨೫ ಕಿಲೋಮೀಟರುಗಳವರೆಗೆ ಹಬ್ಬಿವೆ. ಎಲ್ಲವೂ ಒಂದೇ ಕಣ್ಣಿನಂತೆ ಒಂದೇ ದಿಕ್ಕಿಗೆ ತಿರುಗುವುವು. ಇದಕ್ಕೆ ಬೃಹತ್ ಮೀಟರ್ ಅಲೆಯ ರೇಡಿಯೋ ದೂರದರ್ಶಕವೆಂದು ಹೆಸರು.

"ಇದೇನು, ಬರಿಯ ಜರಡಿ! ಆಕಾಶದಿಂದ ಬಂದದ್ದೆಲ್ಲ ಸೋರಿಹೋಗುವುದಿಲ್ಲವೆ?" ಎಂದು ನಮ್ಮಾಕೆ ಕೇಳಿದಳು. ಪ್ರಶ್ನೆ ಯುಕ್ತವಾದುದೇ. ಬಟ್ಟಲಿನ ಮೈ ತಗಡಿನದಲ್ಲ. ನೂಲಿನಷ್ಟು ಸಣ್ಣ ಉಕ್ಕಿನ ತಂತಿಯ ಬಲೆ. ನಮ್ಮ ಕನ್ನಡವನ್ನು ಕೇಳಿ ಹತ್ತಿರ ಬಂದ ಧಾರವಾಡದ ಕಡೆಯ ತರುಣನೊಬ್ಬನು, ಅಲ್ಲಿಯೇ ಸಂಶೋಧನೆ ಮಾಡುತ್ತಿರುವವನು, ಉತ್ತರ ಕೊಟ್ಟನು: "ಅಮ್ಮಾರ, ಜರಡಿಯೊಳಗ ಹಿಟ್ಟು ಇಳಿತದ, ಕಾಳು ನಿಲ್ತದ ಅಲ್ರೀ? ಇಲ್ಲಿ ಗಾಳಿ ಇಳಿತದ, ಅಲೆ ನಿಲ್ತದ." ಈ ಯಂತ್ರವು ಹಿಡಿಯುವ ಅಲೆಗಳು ಗೇಣುದ್ದದಿಂದ ಆಳುದ್ದದವರೆಗಿನವು, ಬಲೆಯ ಕಣ್ಣುಗಳೋ ಒಂದೆರಡು ಸೆಂಟಿಮೀಟರಿನವು. ಅಲೆಯ ಪಾಲಿಗೆ ಆ ಬಲೆ ಕನ್ನಡಿಯೇ ಸರಿ. ಗಾಳಿ ಮಾತ್ರ ತೂರಿ ಹೋಗುವುದರಿಂದ ಬಟ್ಟಲನ್ನು ಎತ್ತಿ ಹಿಡಿಯುವ ಕಂಬ ಕೀಲುಗಳು ಹಗುರವಾಗಿದ್ದರೂ ಸಾಲುವುದು, ವೆಚ್ಚವೂ ಇಳಿಯುವುದು. ಈ ಉಪಾಯವನ್ನು ಹೂಡಿದವರು ಗೋವಿಂದ ಸ್ವರೂಪರು. ೧೯೨೯ರಲ್ಲಿ ಉತ್ತರ ಪ್ರದೇಶದಲ್ಲಿ ಹುಟ್ಟಿದ ಇವರು, ಆಸ್ಟ್ರೇಲಿಯದವರು ಬಳಸಿ ಬಿಟ್ಟಿದ್ದ ಆರಡಿಯ ಬಟ್ಟಲುಗಳನ್ನು ತರಿಸಿ, ೧೯೬೫ರಲ್ಲಿ ಮುಂಬಯಿಯ ಬಳಿಯ ಕಲ್ಯಾಣದಲ್ಲಿ ನಿಲ್ಲಿಸಿ ಕೆಲಸಕ್ಕೆ ತೊಡಗಿದರು, ಅನಂತರ ಉದಕಮಂಡಲದ ಇಳಿಜಾರಿನಲ್ಲಿ ೫೩೦ ಮೀಟರು ಉದ್ದದ ದೂರದರ್ಶಕವನ್ನು ಕಟ್ಟಿದರು, ಕಡೆಗೆ ಇದನ್ನು. ೨೦೨೦ರಲ್ಲಿ ಪುಣೆಯಲ್ಲಿ ತೀರಿಕೊಂಡರು. ಬಡಸಂಸಾರದ ಗೃಹಿಣಿ ಇದ್ದುದರಲ್ಲಿಯೇ ಹಬ್ಬದಡಿಗೆ ಮಾಡುವಂತೆ ವಿಜ್ಞಾನವನ್ನು ನಡಸಿದ ಪುರುಷರಿವರು ಎಂದು ನನಗೆ ತೋರಿತು.

ಈ ಬಲೆಗಳಿಗೆ ಸಿಕ್ಕುವ ಮೀನುಗಳಲ್ಲಿ ಅತಿ ವಿಚಿತ್ರವಾದುದನ್ನು ಕುರಿತು ಇಲ್ಲಿ ಹೇಳಬೇಕಾಗಿದೆ.

ಸೂರ್ಯನಿಗಿಂತ ಬಹಳ ದೊಡ್ಡದಾದ ನಕ್ಷತ್ರವು ತನ್ನ ಉರುವಲು ತೀರಿದ ಮೇಲೆ ಒಳಕ್ಕೆ ಕುಸಿಯುವುದು. ಹೊರಮೈ ಸಿಡಿದು ಚೆಲ್ಲುವುದು. ಒಳತಿರುಳು ಬಿಗಿದು ಬಿಗಿದು, ಪರಮಾಣುಗಳ ನಡುವಣ ಬಯಲೆಲ್ಲ ಅಳಿದು, ನ್ಯೂಟ್ರಾನುಗಳ ಮುದ್ದೆಯಾಗಿ ಉಳಿಯುವುದು. ಸೂರ್ಯನಿಗಿಂತಲೂ ಹೆಚ್ಚು ತೂಕ, ಅಡ್ಡಳತೆ ಮಾತ್ರ ಸುಮಾರು ೨೦ ಕಿಲೋಮೀಟರು. ಅದರ ಒಂದು ಚಮಚೆಯಷ್ಟು ದ್ರವ್ಯವು ನೂರಾರು ಕೋಟಿ ಟನ್ನು ತೂಗುವುದು. ಇಂತಹ ವಸ್ತುವಿರಬಹುದೆಂದು ಬಾಡೆ ಮತ್ತು ಜ್ವಿಕಿ ಎಂಬ ವಿದ್ವಾಂಸರು ೧೯೩೪ರಲ್ಲಿಯೇ ಊಹಿಸಿದ್ದರು. ತಿರುಳಿನ ತೂಕ ಇನ್ನೂ ಮಿಗಿಲಾದರೆ ನ್ಯೂಟ್ರಾನುಗಳೂ ತಡೆಯಲಾರವು; ಬೆಳಕನ್ನೂ ಹೊರಬಿಡದ ಕೃಷ್ಣರಂಧ್ರವಾಗುವುದು.

ನ್ಯೂಟ್ರಾನ್ ತಾರೆಯು ಬುಗುರಿಯಂತೆ ತಿರುಗುವುದು. ಅದರ ಎರಡು ಕಡೆಗಳಿಂದ ರೇಡಿಯೋ ಕಿರಣಗಳು ಹೊರಡುವುವು. ಕರಾವಳಿಯವರು ಬಲ್ಲ ದೀಪಸ್ತಂಭದ ಹಾಗೆ, ಆ ಕಿರಣ ನಮ್ಮತ್ತ ಬೀಸಿದಾಗಲೆಲ್ಲ ಒಂದು ಮಿಡಿತ. ೧೯೬೭ರಲ್ಲಿ ಇಂಗ್ಲೆಂಡಿನ ಕೇಂಬ್ರಿಜಿನಲ್ಲಿ ಜಾಸ್ಲಿನ್ ಬೆಲ್ ಎಂಬ ವಿದ್ಯಾರ್ಥಿನಿ, ನಾಲ್ಕೂವರೆ ಎಕರೆ ಹೊಲದಲ್ಲಿ ಕಂಬ ನೆಟ್ಟು ತಂತಿಯೆಳೆಯುವುದರಲ್ಲಿ ತಾನೂ ಕೈಜೋಡಿಸಿ, ಯಂತ್ರ ಬರೆದ ಕಾಗದದ ಸುರುಳಿಗಳನ್ನು ಮಾರುಗಟ್ಟಲೆ ಕಣ್ಣಲ್ಲಿ ಕಣ್ಣಿಟ್ಟು ನೋಡಿ, ೧.೩ ಸೆಕೆಂಡಿಗೊಮ್ಮೆ ಬರುವ ಮೊದಲ ಮಿಡಿತವನ್ನು ಗುರುತಿಸಿದಳು. ೧೯೭೪ರಲ್ಲಿ ಇದಕ್ಕಾಗಿ ನೊಬೆಲ್ ಬಹುಮಾನ ಬಂದುದು ಆಕೆಯ ಗುರುವಿಗೆ! ನಾನೂ ಗುರುವಾಗಿದ್ದವನು, ಆದರೂ ಇದನ್ನು ನ್ಯಾಯವೆನ್ನಲಾರೆ. ೨೦೧೮ರಲ್ಲಿ ಮತ್ತೊಂದು ದೊಡ್ಡ ಬಹುಮಾನವಾಗಿ ೩೦ ಲಕ್ಷ ಡಾಲರು ಬಂದಾಗ ಆಕೆ ಅಷ್ಟನ್ನೂ ವಿದ್ಯಾರ್ಥಿಗಳ ವೇತನಕ್ಕಾಗಿ ಕೊಟ್ಟುಬಿಟ್ಟಳು.

ಇವಕ್ಕೆ ಕನ್ನಡದಲ್ಲಿ ನಾಡಿತಾರೆ ಎಂದರೆ ಒಪ್ಪುವುದೆಂದು ನನ್ನ ಮತ. ವೈದ್ಯರು ಹಿಡಿದು ನೋಡುವುದು ನಾಡಿ. ಜ್ಯೋತಿಷಸಿದ್ಧಾಂತಗಳಲ್ಲಿ ನಾಡಿಯೆಂದರೆ ಕಾಲದ ಅಳತೆಯೂ ಹೌದು. ಅರುವತ್ತು ನಾಡಿಗಳಿಗೆ ಒಂದು ನಾಕ್ಷತ್ರ ದಿನ. ಈ ತಾರೆಗಳು ಮಿಡಿಯುವುವು, ಕಾಲವನ್ನೂ ಅಳೆಯುವುವು. ಎರಡು ಅರ್ಥಗಳೂ ಒಂದೇ ಪದದಲ್ಲಿ ಕೂಡಿಬಂದವು. ಇಷ್ಟು ಹೇಳಿದ ಮಾತ್ರಕ್ಕೆ ನಮ್ಮ ಪೂರ್ವಿಕರು ಇವನ್ನು ಬಲ್ಲವರಾಗಿದ್ದರೆಂದು ಯಾರೂ ಎಣಿಸಬಾರದು. ಪದ ಹಳೆಯದು, ವಸ್ತು ಹೊಸದು. ಆಕಾಶಕ್ಕೆ ಶಬ್ದವೇ ಗುಣವೆಂದು ತರ್ಕದಲ್ಲಿ ಓದಿದವನು ನಾನು. ಆದರೆ ಇಲ್ಲಿ ಬರುವುದು ಶಬ್ದವಲ್ಲ, ಕಣ್ಣಿಗೆ ಕಾಣದ ಬೆಳಕು. ಒಂದನ್ನು ಮತ್ತೊಂದಕ್ಕೆ ಬಲಾತ್ಕಾರದಿಂದ ಹೊಲಿಯುವುದು ಶಾಸ್ತ್ರಕ್ಕೂ ವಿಜ್ಞಾನಕ್ಕೂ ಅಪಚಾರ.

ಕೆಲವು ನಾಡಿತಾರೆಗಳ ವೇಗವನ್ನು ಕೇಳಿದರೆ ತಲೆ ತಿರುಗುವುದು. ಖೋಡದಿನವರು ನೋಡುವ ದಕ್ಷಿಣಾಕಾಶದ ಒಂದು ತಾರೆ ಸೆಕೆಂಡಿಗೆ ೧೭೩ ಸಲ ತಿರುಗುವುದು. ಅದು ನಮಗೆ ಹತ್ತಿರದ್ದೆನಿಸಿದರೂ ದೂರ ೫೦೦ ಬೆಳಕಿನ ವರ್ಷಕ್ಕೂ ತುಸು ಹೆಚ್ಚು. ಈಗ ಬಟ್ಟಲಿಗೆ ಬೀಳುವ ಮಿಡಿತ ಅಲ್ಲಿಂದ ಹೊರಟಾಗ ಹಂಪೆಯಲ್ಲಿ ಕೃಷ್ಣದೇವರಾಯನು ಆಳುತ್ತಿದ್ದನು. ಇಂತಹ ತಾರೆಗಳ ನಡೆ ಅತ್ಯುತ್ತಮವಾದ ಗಡಿಯಾರಗಳೊಡನೆ ಹೋಲಿಸಲು ತಕ್ಕಷ್ಟು ನಿಯಮವಾದುದು. ಆದಕಾರಣ, ಎಂದಾದರೂ ಮಿಡಿತವು ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲಿನಷ್ಟು ಮುಂಚೆಯೋ ತಡವೋ ಬಂದರೆ, ನಡುದಾರಿಯಲ್ಲಿ ಏನೋ ನಡೆದಿದೆಯೆಂದು ತಿಳಿಯಬೇಕು.

ಅದೇನು? ತೆಪ್ಪೋತ್ಸವದ ರಾತ್ರಿ ಕೆರೆಯಲ್ಲಿ ತೇಲಿಬಿಟ್ಟ ದೀಪಗಳನ್ನು ನೆನೆಯಿರಿ. ಕತ್ತಲೆಯಲ್ಲಿ ನೀರಿನ ಅಲೆ ಕಾಣದು. ದೀಪಗಳು ಒಂದಾದಮೇಲೊಂದು ಎದ್ದು ಬಿದ್ದರೆ ಅಲೆ ಸಾಗಿತೆಂದು ಗೊತ್ತಾಗುವುದು. ನಾಡಿತಾರೆಗಳು ಆ ದೀಪಗಳು. ಆಕಾಶಗಂಗೆಯಂತಹ ನಕ್ಷತ್ರಮಂಡಲಗಳ ನಡುವೆ ಸೂರ್ಯನ ಲಕ್ಷಾಂತರ, ಕೋಟ್ಯಂತರ ಪಾಲು ತೂಕದ ಕೃಷ್ಣರಂಧ್ರಗಳಿವೆ. ನಮ್ಮ ಮಂಡಲದಲ್ಲಿರುವುದರ ತೂಕ ಸೂರ್ಯನ ಸುಮಾರು ೪೦ ಲಕ್ಷ ಪಾಲು. ಎರಡು ಮಂಡಲಗಳು ಕೂಡಿಕೊಂಡಾಗ ಅವುಗಳ ರಂಧ್ರಗಳು ಜೋಡಿಯಾಗಿ ಒಂದನ್ನೊಂದು ಸುತ್ತುತ್ತ, ದೇಶವನ್ನೇ ಹಿಗ್ಗಿಸಿ ಕುಗ್ಗಿಸುವ ಗುರುತ್ವದ ಅಲೆಗಳನ್ನು ಎಬ್ಬಿಸುವುವೆಂದು ಊಹೆ. ಒಂದು ಅಲೆ ಪೂರ್ತಿಯಾಗಿ ದಾಟಲು ವರ್ಷಗಳೇ ಹಿಡಿಯುವುವು. ಅಂಥ ಅಲೆಯ ಗುಣಗುಣಾರವಕ್ಕೆ ಸಾಕ್ಷ್ಯ ದೊರೆಯಿತೆಂದು ೨೦೨೩ರ ಜೂನ್ ೨೯ರಂದು ಹಲವು ದೇಶಗಳ ತಂಡಗಳು ಒಟ್ಟಿಗೆ ಪ್ರಕಟಿಸಿದವು. ಯೂರೋಪಿನವರೂ ನಮ್ಮವರೂ ಸೇರಿ ೨೫ ನಾಡಿತಾರೆಗಳ ಸುಮಾರು ೨೫ ವರ್ಷಗಳ ದಾಖಲೆಯನ್ನು ಶೋಧಿಸಿದ್ದರು. ಇದು ಪೂರ್ಣ ನಿರ್ಣಯವೆಂದು ಅವರೂ ಹೇಳಿಲ್ಲ, ಪ್ರಬಲವಾದ ಸಾಕ್ಷ್ಯವೆಂದರು. ಪಂಡಿತರು ಹೀಗೆ ಅಳೆದು ಮಾತನಾಡುವುದು ನನಗೆ ಮೆಚ್ಚಿಗೆಯಾಯಿತು.

ಇದರಲ್ಲಿ ಖೋಡದಿನ ಪಾಲೇನೆಂದು ನಾನು ಕೇಳಿದೆನು. ತರುಣನು ಹೇಳಿದುದನ್ನು ನಮ್ಮ ಲೇಣ್ಯಾದ್ರಿಯ ಅನುಭವದಿಂದ ಸುಲಭವಾಗಿ ತಿಳಿಯಬಹುದು. ಐವರೂ ಕೆಳಗಿನ ಮೆಟ್ಟಿಲಿನಿಂದ ಒಂದೇ ಗಳಿಗೆಯಲ್ಲಿ ಹೊರಟೆವು. ಮಕ್ಕಳು ಮೊದಲು ಗುಹೆಯನ್ನು ಸೇರಿದರು, ನಾನು ನಡುವೆ, ಹೆಂಗಸರು ಕಟ್ಟಕಡೆಗೆ. ಬೆಟ್ಟ ಕಡಿದಾದಷ್ಟೂ ಈ ಅಂತರ ಹೆಚ್ಚುವುದು. ಹಾಗೆಯೇ ನಕ್ಷತ್ರಗಳ ನಡುವಣ ತೆಳುವಾದ ಅನಿಲದಲ್ಲಿ ಗಿಡ್ಡ ಅಲೆಗಳು ಮುಂದಾಗುವುವು, ಉದ್ದ ಅಲೆಗಳು ಹಿಂದೆ ಬೀಳುವುವು. ಈ ತಡವನ್ನು ಸರಿಯಾಗಿ ಕಳೆಯದಿದ್ದರೆ ಅನಿಲದ ಚೇಷ್ಟೆಯನ್ನೇ ಗುರುತ್ವದ ಅಲೆಯೆಂದು ಭ್ರಮಿಸಬೇಕಾದೀತು. ಉದ್ದ ಅಲೆಗಳನ್ನು ಹಿಡಿಯುವುದರಲ್ಲಿ ಈ ಬಲೆಗಳು ಬಹು ನಿಪುಣ. ಆದ್ದರಿಂದ ಆ ತಡದ ಲೆಕ್ಕ ಇಲ್ಲಿ ಚೆನ್ನಾಗಿ ಸಿಕ್ಕುವುದು.

ಹೆಂಗಸರಿಗೆ ರುಚಿಸಿದ ಸಂಗತಿ ಬೇರೆ. ೨೦೧೭ರ ಆಗಸ್ಟ್ ೧೭ರಂದು ಎರಡು ನ್ಯೂಟ್ರಾನ್ ತಾರೆಗಳು ಡಿಕ್ಕಿಯಾದ ಸುದ್ದಿ ಸುಮಾರು ೧೩ ಕೋಟಿ ಬೆಳಕಿನ ವರ್ಷಗಳ ದೂರದಿಂದ ಬಂದಿತು. ಅದರ ರೇಡಿಯೋ ಕಾಂತಿಯನ್ನು ಗಮನಿಸಿದವರಲ್ಲಿ ಖೋಡದಿನವರೂ ಇದ್ದರು. ಚಿನ್ನದಂತಹ ಭಾರವಾದ ಧಾತುಗಳು ಇಂತಹ ಡಿಕ್ಕಿಗಳಲ್ಲಿ ಹುಟ್ಟುವುವೆಂಬುದಕ್ಕೆ ಆಗ ಬಲವಾದ ಆಧಾರ ದೊರೆಯಿತಂತೆ. ನಮ್ಮಾಕೆಯ ತಂಗಿ ಕೈಬಳೆಯನ್ನು ಒಮ್ಮೆ ತಿರುವಿ ನೋಡಿಕೊಂಡು, "ಅದಕ್ಕೇ ಇಷ್ಟು ಬೆಲೆ" ಎಂದಳು.

ಒಳಗೆ ಹೋಗುವವರೆಲ್ಲ ಕೈಫೋನನ್ನು ಆರಿಸಬೇಕೆಂದು ಕಟ್ಟಪ್ಪಣೆ. ಚಂದ್ರನ ಮೇಲೆ ಒಂದು ಕೈಫೋನನ್ನಿಟ್ಟರೆ ಅದು ರೇಡಿಯೋ ಆಕಾಶದ ಅತ್ಯುಜ್ಜ್ವಲ ಜ್ಯೋತಿಗಳಲ್ಲಿ ಒಂದಾಗುವುದೆಂದಮೇಲೆ ನಮ್ಮ ಜೇಬಿನದರ ಗದ್ದಲವೆಷ್ಟಿರಬೇಡ! ಮುಂಬಯಿ ಪುಣೆಗಳ ಸದ್ದನ್ನು ಸುತ್ತಣ ಗುಡ್ಡಗಳು ಮರೆಮಾಡುವುವೆಂದೇ ಈ ಎಡೆಯನ್ನು ಆರಿಸಿದುದು. ಆದರೆ ನಿಶ್ಶಬ್ದವನ್ನು ಕಾಯುವುದಕ್ಕೆ ಬೆಲೆಯುಂಟು. ಆ ಬೆಲೆಯನ್ನು ತೆರುವವರು ಯಾರು?

ಪ್ರದರ್ಶನದ ಡೇರೆಯ ಬಳಿ ಟೊಮೆಟೊ ಬೆಳೆಯುವ ರೈತರೊಬ್ಬರು ಮಾತಿಗೆ ಸಿಕ್ಕಿದರು. ನಾನು ಉಪಾಧ್ಯಾಯನಾಗಿದ್ದವನೆಂದು ತಿಳಿದೊಡನೆ 'ಗುರೂಜಿ' ಎಂದು ಕರೆದು ಕುಳ್ಳಿರಿಸಿದರು. ನಾರಾಯಣಗಾಂವಕ್ಕೆ ರೈಲಿಲ್ಲ. ಪುಣೆಯಿಂದ ನಾಸಿಕಕ್ಕೆ ಈ ಮಾರ್ಗವಾಗಿ ವೇಗದ ರೈಲನ್ನು ಹಾಕುವ ಯೋಜನೆಯೊಂದು ಸಿದ್ಧವಾಗಿತ್ತು. ವಿದ್ಯುತ್ತಿನ ರೈಲು ಹತ್ತಿರ ಸುಳಿದರೆ ದೂರದರ್ಶಕಕ್ಕೆ ಭಂಗವಾಗುವುದೆಂಬ ಆಕ್ಷೇಪ ಬಂದು, ಮಾರ್ಗವನ್ನು ಬೇರೆಡೆಗೆ ತಿರುಗಿಸುವುದಾಗಿ ಸರ್ಕಾರವು ೨೦೨೫ರಲ್ಲಿ ತಿಳಿಸಿತು. "ಗುರೂಜಿ, ಇವರ ನಕ್ಷತ್ರ ಸಾವಿರ ವರ್ಷ ಕಾಯುತ್ತದೆ. ನನ್ನ ಟೊಮೆಟೊ ನಾಲ್ಕು ದಿನ ಕಾಯುವುದಿಲ್ಲ" ಎಂದರು. ಅವರ ಮಾತಿನಲ್ಲಿ ಕೋಪವಿರಲಿಲ್ಲ, ಲೆಕ್ಕವಿತ್ತು.

ನನಗೆ ತೋರಿದುದನ್ನು ಹೇಳುವೆನು. ಹಾಕಿದ ರೈಲನ್ನು ಮತ್ತೊಂದು ಕಡೆಯಿಂದಲೂ ತರಬಹುದು. ಕೆಟ್ಟ ನಿಶ್ಶಬ್ದವನ್ನು ಎಲ್ಲಿಂದಲೂ ತರಲಾಗದು. ಇಂತಹ ಯಂತ್ರವನ್ನು ಬೇರೆ ಕಣಿವೆಗೆ ಹೊತ್ತುಕೊಂಡು ಹೋಗುವುದೂ ಸುಲಭವಲ್ಲ. ಆದ್ದರಿಂದ ಮಾರ್ಗವನ್ನು ಸರಿಸಿದುದು ಸರಿ. ಹಾಗೆಂದು ದೇಶಕ್ಕೆಲ್ಲ ಸಲ್ಲುವ ಕೀರ್ತಿಯ ಖರ್ಚನ್ನು ನಾಲ್ಕು ಹಳ್ಳಿಗಳ ಲೆಕ್ಕದಲ್ಲಿ ಬರೆಯಬಹುದೆ? ಒಳ್ಳೆಯ ರಸ್ತೆ, ತರಕಾರಿ ಕೆಡದಂತೆ ಇಡುವ ಶೀತಲಗೃಹ, ಇವನ್ನು ಕೇಳುವ ಹಕ್ಕು ಆ ರೈತರಿಗೆ ಬೇರೆಯವರಿಗಿಂತ ಹೆಚ್ಚಾಗಿಯೇ ಉಂಟು. ಇದನ್ನು ನಾನು ಅವರಿಗೆ ಹರುಕು ಹಿಂದಿಯಲ್ಲಿ ಹೇಳಿದೆನು. ಅವರು ತಲೆದೂಗಿ, "ರಸ್ತೆ ಆಗಲಿ, ಆಮೇಲೆ ನೋಡೋಣ" ಎಂದು ನಕ್ಕರು.

ಅವರು ಬಂದುದು ಮಗಳಿಗಾಗಿ. ಎಂಟನೆಯ ತರಗತಿಯ ಆ ಹುಡುಗಿ ಡೇರೆಯೊಳಗೆ ಮೂರನೆಯ ಮೇಜಿನ ಹಿಂದೆ ನಿಂತಿದ್ದಳು. ಮಣ್ಣಿನ ಮಡಕೆಗೆ ಎದುರುಬದುರಾಗಿ ಎರಡು ತೂತು ಕೊರೆದು, ಒಳಗೆ ಟಾರ್ಚುಗಳನ್ನಿಟ್ಟು, ಹುರಿಮಾಡಿದ ಹಗ್ಗದಿಂದ ತೂಗಹಾಕಿದ್ದಳು. ಕೈಬಿಟ್ಟರೆ ಮಡಕೆ ಗಿರ್ರನೆ ತಿರುಗುವುದು. ಬೆಳಕು ನಮ್ಮ ಮುಖಗಳ ಮೇಲೆ ಹಾದುಹಾದು ಹೋಗುವುದು. "ಇದು ನಾಡಿತಾರೆ, ಎಣಿಸಿರಿ" ಎಂದು ಮರಾಠಿಯಲ್ಲಿ ಅಪ್ಪಣೆ ಮಾಡಿದಳು. ನಮ್ಮ ಮಕ್ಕಳು ಕನ್ನಡದಲ್ಲಿ ಎಣಿಸಿದರು. ಮೂವತ್ತೋ ಮೂವತ್ತೊಂದೋ ಎಂದು ಅವರಿಬ್ಬರಲ್ಲಿ ಜಗಳ ಹತ್ತಿ, ಹಗ್ಗವನ್ನು ಮತ್ತೆ ಮತ್ತೆ ಹುರಿಮಾಡಬೇಕಾಯಿತು. ಕಡೆಗೆ ಟಾರ್ಚಿನ ಬೆಳಕು ಕೆಂಪಾಗುತ್ತ ಬಂದುದನ್ನು ಕಂಡು, ರೈತರು ರುಮಾಲನ್ನು ಸರಿಪಡಿಸಿಕೊಂಡು ಹೊಸ ಸೆಲ್ಲುಗಳನ್ನು ತರಲು ಅಂಗಡಿಯ ಕಡೆಗೆ ಹೊರಟರು.