ಹೋಗೋದಲ್ಲ, ತಿರುಗಿ ಬರೋದು (ಭಾಗ 4)

ಈ ಫೋಟೋ ನಮ್ಮ ಬಳಿಚಕ್ರದ ಬಸ್ ನಿಲ್ದಾಣದ್ದು. ಸಂಕ್ರಾಂತಿ ಹಿಂದಿನ ದಿನ ತೆಗೆದದ್ದು. ಬೆಂಗಳೂರು, ಪುಣೆ, ಮುಂಬೈಗೆ ದುಡಿಯೋಕ ಹೋದೋರು ಮೈಲಾಪುರ ಜಾತ್ರೆಗಂತ ಊರಿಗೆ ಬರ್ತಿದ್ದರು. ತಲಿ ಮ್ಯಾಲ ಗಂಟು, ಕಂಕುಳಾಗ ಕೂಸು. "ನೀವು ಊರೊಳಗ ಬರಬಹುದು ಅನ್ನೋ ಕಾಗದ ತೋರಿಸ್ರಿ" ಅಂತ ಅವರನ್ನ ಯಾರೂ ತಡೀಲಿಲ್ಲ. ಅದು ಕೇಳೋ ಪ್ರಶ್ನೆನೇ ಅಲ್ಲ, ಹೌದಲ್ಲ?

ನಾನೂ ಹಂಗೇ ಅಂದ್ಕೊಂಡಿದ್ದೆ, ಹುಬ್ಬಳ್ಳಿ ಹಾಸ್ಟೆಲಿನಾಗ ಆಕಿ ನನ್ನ ರೂಮ್‌ಮೇಟ್ ಆಗೋತನಕ.

ಆಕಿ ಮುಂಡಗೋಡದಾಕಿ. ಹುಟ್ಟಿದ್ದು, ಸಾಲಿ ಕಲಿತದ್ದು ಎಲ್ಲಾ ಅಲ್ಲೇ. ನನಗಿಂತ ಚಂದ ಕನ್ನಡ ಬರೀತಾಳ. ಆದ್ರ ಆಕಿ ಅಪ್ಪ-ಅವ್ವ 1990ರ ದಶಕದಾಗ ಟಿಬೆಟ್‌ನಿಂದ ನೇಪಾಳ ದಾಟಿ ಬಂದೋರು. ಒಂದಿನ ಟ್ರಂಕಿನಿಂದ ಹಳದಿ ರಟ್ಟಿನ ಪುಸ್ತಕ ತೆಗೆದು ತೋರಿಸಿದಳು. ನೋಡೋಕ ಪಾಸ್‌ಪೋರ್ಟ್ ಥರಾನೇ ಅದ. "ಪಾಸ್‌ಪೋರ್ಟ್ ಅಲ್ಲ ಇದು, ಐಡೆಂಟಿಟಿ ಸರ್ಟಿಫಿಕೇಟ್. ನಮ್ಮ ಮಂದಿ ಯೆಲ್ಲೋ ಬುಕ್ ಅಂತಾರ" ಅಂದಳು.

ಸ್ವಲ್ಪ ಹಿಂದಕ್ಕ ಹೋಗೋಣ. 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದರು. ಅವರ ಹಿಂದೆ ಸಾವಿರಾರು ಜನ ಬಂದರು. ಆಗಿನ ಮೈಸೂರು ರಾಜ್ಯ ಅವರಿಗೆ ಜಮೀನು ಕೊಟ್ಟಿತು. ಮೊದಲು ಬೈಲಕುಪ್ಪೆ, 1966ರಲ್ಲಿ ಮುಂಡಗೋಡ, ಮುಂದೆ ಹುಣಸೂರು, ಕೊಳ್ಳೇಗಾಲದ ಕಡೆಯೂ ವಸತಿಗಳಾದವು. ಕಾಡಿನ ಜಾಗ ಹಸನು ಮಾಡಿ ಗೋವಿನಜೋಳ ಬೆಳೆದರು. ಆದ್ರ ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೂ ಸೇರಿಲ್ಲ, ದೇಶವಿಲ್ಲದವರ ಬಗ್ಗೆ ಇರುವ 1954ರ ಒಪ್ಪಂದಕ್ಕೂ ಸೇರಿಲ್ಲ. ಹಿಂಗಾಗಿ ಇವರು ಕಾಗದದ ಮ್ಯಾಲ "ವಿದೇಶಿಯರು". ಇಲ್ಲಿ ಇರೋಕ ನೋಂದಣಿ ಪತ್ರ ಬೇಕು, ಅದನ್ನ ಆಗಾಗ ನವೀಕರಿಸಬೇಕು. ದೇಶ ಬಿಟ್ಟು ಹೋಗಬೇಕಂದ್ರ ಹಳದಿ ಪುಸ್ತಕ.

ಆ ಪುಸ್ತಕ ಒಂದೇ ಇದ್ರ ಸಾಲದು. ಹೊರಗ ಹೋಗೋಕ ಎಕ್ಸಿಟ್ ಪರ್ಮಿಟ್, ತಿರುಗಿ ಬರೋಕ ರಿಟರ್ನ್ ವೀಸಾ. ತಾನು ಹುಟ್ಟಿದ ಊರಿಗೆ ಬರೋಕ ವೀಸಾ!

ಆಕಿ ಅಕ್ಕ ಸ್ವಿಟ್ಜರ್ಲೆಂಡಿನಾಗ ಇರ್ತಾಳ. ಹೋದ ವರ್ಷ ಅಕ್ಕನ ಮದುವಿ ಇತ್ತು. ಎಂಟು ತಿಂಗಳು ಮೊದಲೇ ಅರ್ಜಿ ಹಾಕಿದ್ದಳು. ಒಂದು ಕಾಗದ ಬಂದ್ರ ಇನ್ನೊಂದು ಬರಲಿಲ್ಲ. ಮದುವಿ ದಿನ ನಮ್ಮ ರೂಮಿನಾಗ ವಿಡಿಯೋ ಕಾಲ್. ಆಕಿ ಚುಪಾ ಉಟ್ಟು, ಕೈಯಾಗ ಬಿಳಿ ಖಾತಾ ಹಿಡ್ಕೊಂಡು ಮೊಬೈಲ್ ಮುಂದ ನಿಂತಿದ್ದಳು. ಮೊಬೈಲ್ ನಾನು ಹಿಡ್ಕೊಂಡಿದ್ದೆ. ಖಾತಾ ಅಕ್ಕನ ಕೊರಳಿಗೆ ಹಾಕೋದು. ಆಮೇಲೆ ಅದನ್ನ ಮಡಚಿ ಟ್ರಂಕಿನಾಗ, ಹಳದಿ ಪುಸ್ತಕದ ಮ್ಯಾಲ ಇಟ್ಟಳು.

"ಪೌರತ್ವ ತಗೋಬಹುದಲ್ಲ?" ಅಂತ ನೀವು ಕೇಳಬಹುದು. ನಾನೂ ಕೇಳಿದೆ. 1950 ಜನವರಿ 26ರಿಂದ 1987 ಜುಲೈ 1ರ ಒಳಗೆ ಇಲ್ಲಿ ಹುಟ್ಟಿದ ಟಿಬೆಟನ್ನರು ಹುಟ್ಟಿನಿಂದಲೇ ಭಾರತೀಯರು ಅಂತ ದೆಹಲಿ ಹೈಕೋರ್ಟ್ 2010ರಲ್ಲಿ ಹೇಳಿತು. 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಕೂಡ ಅದೇ ದಾರಿ ಹಿಡಿಯಿತು. ಆದ್ರ ಆಕಿ ಹುಟ್ಟಿದ್ದು 2004ರ ಮಾರ್ಚಿನಾಗ. 1987ರ ನಂತರ ಹುಟ್ಟಿದವರಿಗೆ ಅಪ್ಪ ಅಥವಾ ಅವ್ವ ಭಾರತೀಯರಾಗಿರಬೇಕು. ಆಕಿಗೆ ಇಬ್ಬರೂ ಅಲ್ಲ.

ಈ ಕಥಿ ಮುಂಡಗೋಡದ್ದಷ್ಟೇ ಅಲ್ಲ. 1948ರಲ್ಲಿ ಮನೆ ಬಿಟ್ಟ ಪ್ಯಾಲೆಸ್ತೀನಿಯರಿಗೆ ಲೆಬನಾನ್, ಸಿರಿಯಾ, ಈಜಿಪ್ಟ್‌ನಂಥ ದೇಶಗಳು ಪ್ರಯಾಣ ಪತ್ರ ಕೊಟ್ಟವು. ಹೋಗೋ ಹಕ್ಕು, ತಿರುಗಿ ಬರೋ ಹಕ್ಕು ಎರಡೂ ಇರಬೇಕು ಅಂತ ಅರಬ್ ದೇಶಗಳು 1965ರಲ್ಲಿ ಕಾಸಾಬ್ಲಾಂಕಾದಲ್ಲಿ ಬರೆದುಕೊಂಡವು. 1995ರಲ್ಲಿ ಲಿಬಿಯಾ ತನ್ನಲ್ಲಿದ್ದ ಪ್ಯಾಲೆಸ್ತೀನಿಯರನ್ನು ಹೊರಹಾಕಿದಾಗ, ಲೆಬನಾನ್ ತಾನೇ ಪತ್ರ ಕೊಟ್ಟವರಿಗೂ "ಒಳಗೆ ಬರಲು ವೀಸಾ ತನ್ನಿ" ಅಂದಿತು. ಸಾವಿರಾರು ಜನ ನಡುವೆ ಸಿಕ್ಕಿಬಿದ್ದರು. ಈಜಿಪ್ಟ್ ಗಡಿಯ ಮರುಭೂಮಿಯಲ್ಲಿ ಡೇರೆ ಹಾಕಿ ಕುಳಿತರು. ಆ ನಿಯಮ ಹೋಗಿದ್ದು 1999ರಲ್ಲಿ.

ನಿಮ್ಮ ಮನೆಯಾಗ ಯಾರದ್ದಾದ್ರೂ ಪಾಸ್‌ಪೋರ್ಟ್ ಇದ್ರ ಒಮ್ಮೆ ಕೈಯಾಗ ತಗೊಂಡು ನೋಡ್ರಿ. ನಾವು ಅದನ್ನ ಹೊರಗ ಹೋಗೋ ಚೀಟಿ ಅಂದ್ಕೋತೀವಿ. ಅದರ ನಿಜವಾದ ಬೆಲೆ ಬ್ಯಾರೆ: "ಇವರು ನಮ್ಮವರು, ಯಾವಾಗ ಬಂದ್ರೂ ಬಾಗಿಲು ತೆಗೀತೀವಿ" ಅನ್ನೋ ಮಾತು ಅದರಾಗ ಅದ. ಆ ಮಾತು ಇಲ್ಲದ ಪುಸ್ತಕ ಎಷ್ಟೇ ಚಂದ ಇದ್ರೂ ಅರ್ಧ ಪುಸ್ತಕನೇ.

ಮುಂದಿನ ಸಂಕ್ರಾಂತಿಗೆ ಆಕಿನ್ನ ನಮ್ಮೂರಿಗೆ ಕರ್ಕೊಂಡು ಬರ್ತೀನಿ. ನಮ್ಮವ್ವ ಈಗಲೇ ಕೇಳ್ಯಾಳ, "ಆ ಹುಡುಗಿ ಸಜ್ಜಿ ರೊಟ್ಟಿ ತಿಂತಾಳೇನ?" ಅಂತ. ನಮ್ಮವ್ವ ಕೇಳೋದು ಅಷ್ಟೇ.

ನಿಮಗ ಯಾವತ್ತಾದ್ರೂ ಊರಿಗೆ ತಿರುಗಿ ಬರೋಕ ಆಗ್ತದೋ ಇಲ್ಲೋ ಅಂತ ಅನುಮಾನ ಬಂದದೇನು? ಕಮೆಂಟಿನಾಗ ಬರೀರಿ. ಆಕಿನೂ ಓದ್ತಾಳ.