ನಕ್ಷೆಯಲ್ಲಿಲ್ಲದ ಹಳ್ಳಿಗೆ ಬೀಗ ಬಿದ್ದಾಗ

ಇಂಗ್ಲೆಂಡಿನ ನಕ್ಷೆಯನ್ನು ಹರಡಿಕೊಂಡು ಎಷ್ಟು ಹುಡುಕಿದರೂ ಆಂಬ್ರಿಡ್ಜ್ ಎಂಬ ಹಳ್ಳಿ ಸಿಗುವುದಿಲ್ಲ. ಅದು ಸೇರಿದ ಬೋರ್ಸೆಟ್‌ಶೈರ್ ಎಂಬ ಜಿಲ್ಲೆಯೂ ಇಲ್ಲ. ಆದರೂ ಅಲ್ಲಿ ಯಾರ ಮನೆಯ ಹಸು ಕರು ಹಾಕಿತು, ಯಾರಿಗೂ ಯಾರಿಗೂ ಮಾತು ಬಿಟ್ಟಿದೆ ಎಂಬುದು ಆ ದೇಶದ ಲಕ್ಷಾಂತರ ಜನರಿಗೆ ಗೊತ್ತು. ಬಿಬಿಸಿ ರೇಡಿಯೊದಲ್ಲಿ ಬರುವ ‘ದಿ ಆರ್ಚರ್ಸ್’ ಧಾರಾವಾಹಿಯ ಊರು ಅದು. ಕಿವಿಯಿಂದ ಮಾತ್ರ ಹೋಗಿಬರಬಹುದಾದ ಊರು.

ಬರ್ಮಿಂಗ್‌ಹ್ಯಾಮ್ ನಗರದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ, ಈ ಕಥೆಗೆ ಸಂಬಂಧಪಟ್ಟ ನಿಜವಾದ ಹಳ್ಳಿಗಳನ್ನಾದರೂ ನೋಡೋಣವೆಂದು ಒಂದು ಭಾನುವಾರ ಎಲ್ಲರೂ ಕಾರು ಹತ್ತಿದೆವು. ದಕ್ಷಿಣಕ್ಕೆ ಹೋದಂತೆ ವುಸ್ಟರ್‌ಶೈರ್ ಜಿಲ್ಲೆ. ಕೆಂಪು ಮಣ್ಣಿನ ಹೊಲಗಳು, ಅವುಗಳ ಸುತ್ತ ಗಿಡಗಳದೇ ಬೇಲಿ, ಅಲ್ಲಲ್ಲಿ ಕುರಿಮಂದೆ. ಹ್ಯಾನ್‌ಬರಿ ಎಂಬಲ್ಲಿ ಗುಡ್ಡದ ಮೇಲೊಂದು ಹಳೆಯ ಚರ್ಚಿದೆ. ಧಾರಾವಾಹಿಯ ಪ್ರಚಾರಕ್ಕಾಗಿ ತೆಗೆದ ಚಿತ್ರಗಳಲ್ಲಿ ಆಂಬ್ರಿಡ್ಜಿನ ಚರ್ಚಾಗಿ ನಿಂತದ್ದು ಇದೇ. ಇಂಕ್‌ಬೆರೋ ಎಂಬ ಇನ್ನೊಂದು ಹಳ್ಳಿಯಲ್ಲಿ ‘ಓಲ್ಡ್ ಬುಲ್’ ಎಂಬ ಪಬ್ ಇದೆ. ಬಿಳಿ ಗೋಡೆಯ ನಡುವೆ ಕಪ್ಪು ಮರದ ತೊಲೆಗಳು. ಊರವರು ಸಂಜೆ ಸೇರಿ, ಕುಡಿದು ಉಂಡು ಹರಟುವ ಆಂಬ್ರಿಡ್ಜಿನ ‘ದಿ ಬುಲ್’ಗೆ ಇದೇ ಮಾದರಿ ಎನ್ನುತ್ತಾರೆ.

“ತಾತ, ಇದೇನಾ ಆ ಊರು?” ಎಂದು ಮೊಮ್ಮಗಳು ಕೇಳಿದಳು.

“ಇಲ್ಲಿ ಸ್ವಲ್ಪ ಇದೆ ಪುಟ್ಟಿ, ಮಿಕ್ಕಿದ್ದು ಸ್ಟುಡಿಯೊದಲ್ಲಿದೆ” ಎಂದೆ.

ಈ ಊರು ಹುಟ್ಟಿದ್ದೇಕೆ? ಎರಡನೆಯ ಮಹಾಯುದ್ಧ ಮುಗಿದಿದ್ದರೂ ಬ್ರಿಟನ್ನಿನಲ್ಲಿ ಆಹಾರದ ಕೊರತೆ ಇತ್ತು. ರೇಷನ್ ಪದ್ಧತಿ ಪೂರ್ತಿ ತೊಲಗಿದ್ದು 1954ರಲ್ಲಿ. ರೈತರು ಹೆಚ್ಚು ಬೆಳೆಯಬೇಕು, ಹೊಸ ವಿಧಾನಗಳನ್ನು ಕಲಿಯಬೇಕು. ಬರೀ ಉಪದೇಶ ಮಾಡಿದರೆ ಯಾರು ಕೇಳುತ್ತಾರೆ? ಗಾಡ್‌ಫ್ರಿ ಬೇಸ್ಲಿ ಎಂಬ ಬಿಬಿಸಿಯ ನಿರ್ಮಾಪಕರು ಉಪದೇಶವನ್ನು ಕಥೆಯೊಳಗಿಟ್ಟರು. 1950ರಲ್ಲಿ ಒಂದು ವಾರ ಪ್ರಯೋಗ ನಡೆಯಿತು. 1951ರ ಜನವರಿ 1ರಿಂದ ಇಡೀ ದೇಶ ಕೇಳತೊಡಗಿತು. ನಮ್ಮ ಆಕಾಶವಾಣಿಯ ಕೃಷಿರಂಗ ಕೇಳಿದ ಅಜ್ಜ ಅಜ್ಜಿಯರಿಗೆ ಈ ಜಾಣತನವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಕ್ಕಳೇ, ಸ್ಟುಡಿಯೊದ ಗುಟ್ಟನ್ನೂ ಕೇಳಿ. ಬರ್ಮಿಂಗ್‌ಹ್ಯಾಮಿನ ಮೇಲ್‌ಬಾಕ್ಸ್ ಎಂಬ ಕಟ್ಟಡದಲ್ಲಿ ಇದರ ಧ್ವನಿಮುದ್ರಣ. ಹೊಲದ ಗೇಟಿನ ಕಿರ್ ಸದ್ದು ಬೇಕೇ? ಬಟ್ಟೆಗೆ ಇಸ್ತ್ರಿ ಹಾಕುವ ಹಳೆಯ ಮೇಜನ್ನು ಮಡಚಿ ಬಿಚ್ಚುತ್ತಾರೆ. ಹುಲ್ಲಿನಲ್ಲಿ ನಡೆಯಬೇಕೇ? ಹಳೆಯ ಟೇಪಿನ ಸುರುಳಿಯನ್ನು ನೆಲದಲ್ಲಿ ಹರಡಿ ತುಳಿಯುತ್ತಾರೆ. ಕುರಿಮರಿ ಹುಟ್ಟುವ ಸದ್ದಿಗೆ ಮೊಸರೂ ಒದ್ದೆ ಟವೆಲೂ ಸಾಕು!

ಇನ್ನೊಂದು ವಿಶೇಷವೂ ಇದೆ. ಆಂಬ್ರಿಡ್ಜಿನಲ್ಲಿ ಕಾಲ ನಮ್ಮ ಕಾಲದಂತೆಯೇ ಓಡುತ್ತದೆ. ಕೇಳುಗರ ಮನೆಯಲ್ಲಿ ಕ್ರಿಸ್‌ಮಸ್ ಆದರೆ ಅಲ್ಲೂ ಕ್ರಿಸ್‌ಮಸ್. ಇಲ್ಲಿ ಸುಗ್ಗಿಯಾದರೆ ಅಲ್ಲೂ ಸುಗ್ಗಿ. ಆದರೆ ಕಂತುಗಳನ್ನು ಕೆಲವು ವಾರ ಮುಂಚೆಯೇ ಮುದ್ರಿಸಿ ಇಟ್ಟುಕೊಳ್ಳುತ್ತಾರೆ. ಪೇಚಿಗೆ ಸಿಲುಕಿದ್ದು ಇಲ್ಲೇ.

2020ರ ಮಾರ್ಚ್ 23ರಂದು ಕೊರೊನಾದಿಂದಾಗಿ ಬ್ರಿಟನ್ನಿನಲ್ಲಿ ಲಾಕ್‌ಡೌನ್ ಘೋಷಣೆಯಾಯಿತು. ಕಲಾವಿದರು ಒಂದೇ ಮೈಕಿನ ಮುಂದೆ ಹತ್ತಿರ ನಿಂತು ಮಾತಾಡುವುದು ನಿಂತಿತು. ಅವರಲ್ಲಿ ಎಂಬತ್ತು ತೊಂಬತ್ತು ದಾಟಿದವರೂ ಇದ್ದರು. ಏಪ್ರಿಲ್ ತಿಂಗಳಲ್ಲಿ ಒಂದು ವಿಚಿತ್ರ ನಡೆಯಿತು. ದೇಶವೆಲ್ಲ ಬಾಗಿಲು ಹಾಕಿಕೊಂಡು ಕುಳಿತಿದ್ದರೆ, ಮೊದಲೇ ಮುದ್ರಿಸಿದ್ದ ಕಂತುಗಳಲ್ಲಿ ಆಂಬ್ರಿಡ್ಜಿನವರು ಏನೂ ಆಗಿಲ್ಲವೆಂಬಂತೆ ಪಬ್ಬಿನಲ್ಲಿ ಸೇರಿ ನಗುತ್ತಿದ್ದರು. ಬರಗಾಲದಲ್ಲಿ ಕಣಜದ ಕಾಳನ್ನು ಅಳೆದು ಅಳೆದು ತೆಗೆಯುವಂತೆ ವಾರಕ್ಕೆ ಆರರ ಬದಲು ಕಡಿಮೆ ಕಂತುಗಳನ್ನು ಬಿತ್ತರಿಸಿದರು. ಕೊನೆಗೆ ಕಣಜ ಬರಿದಾಯಿತು. ಮೇ 4ರಿಂದ ಮೂರು ವಾರ ಹಳೆಯ ಕಂತುಗಳೇ ಗತಿಯಾದವು.

ಮೇ 25ರಂದು ಹೊಸ ಕಂತುಗಳು ಮರಳಿದವು. ಈಗ ಕಲಾವಿದರ ಮನೆಯೇ ಸ್ಟುಡಿಯೊ. ಕೆಲವರು ಬಟ್ಟೆಯ ಬೀರುವಿನೊಳಗೆ ತಲೆಯಿಟ್ಟು, ಕೆಲವರು ಹೊದಿಕೆಯ ಅಡಿಯಲ್ಲಿ ಕುಳಿತು ಮಾತಾಡಿದರು. ಬಟ್ಟೆಗಳು ಪ್ರತಿಧ್ವನಿಯನ್ನು ಹೀರಿಕೊಳ್ಳುತ್ತವೆ. ಖಾಲಿ ಕೋಣೆಯಲ್ಲೊಮ್ಮೆ, ಹಾಸಿಗೆ ದಿಂಬು ಪೇರಿಸಿದ ಮೂಲೆಯಲ್ಲೊಮ್ಮೆ ಕೂಗಿ ನೋಡಿ, ವ್ಯತ್ಯಾಸ ನಿಮಗೇ ತಿಳಿಯುತ್ತದೆ.

ಆದರೆ ಒಬ್ಬೊಬ್ಬರೇ ಬೇರೆ ಬೇರೆ ಮನೆಗಳಲ್ಲಿ ಕುಳಿತಾಗ ಸಂಭಾಷಣೆ ಹೇಗೆ? ಅದಕ್ಕೆ ಬರಹಗಾರರು ಸ್ವಗತದ ದಾರಿ ಹಿಡಿದರು. ಒಂದೊಂದು ಪಾತ್ರವೂ ತನ್ನ ಮನಸ್ಸಿನ ಮಾತನ್ನು ತಾನೇ ಆಡಿಕೊಳ್ಳುವುದು. ಮನೆಯವರಿಗೂ ಹೇಳದ ಚಿಂತೆಯನ್ನು ಕೇಳುಗರಿಗೆ ಹೇಳುವುದು.

ಎಲ್ಲರಿಗೂ ಇದು ಹಿಡಿಸಲಿಲ್ಲ. ಜಗಳ, ತಮಾಷೆ, ಒಬ್ಬರ ಮಾತಿನ ನಡುವೆ ಇನ್ನೊಬ್ಬರು ಬಾಯಿ ಹಾಕುವುದು ಇಲ್ಲದ ಆಂಬ್ರಿಡ್ಜ್ ಎಂಥದು ಎಂದು ಹಳೆಯ ಕೇಳುಗರು ಗೊಣಗಿದರು. ಅವರ ಗೊಣಗಾಟದಲ್ಲಿ ನಿಜವಿತ್ತು. ಚರ್ಚು, ಹೊಲ, ಪಬ್ಬು ಎಲ್ಲವೂ ಕಥೆಯಲ್ಲಿ ಮೊದಲಿನಂತೆಯೇ ಇದ್ದವು. ಆದರೂ ಊರು ಇಲ್ಲವೆನಿಸಿತು. ಕೂಗಿದರೆ ‘ಓ’ ಎನ್ನುವವರು ಇದ್ದರೆ ತಾನೇ ಊರು? ಅದೇ ಸಮಯದಲ್ಲಿ, ಒಂಟಿಯಾಗಿ ಮನೆಯಲ್ಲಿ ಉಳಿದ ಎಷ್ಟೋ ಹಿರಿಯರು ಗೋಡೆಯ ಜೊತೆ ಮಾತಾಡುತ್ತಿದ್ದರು. ರೇಡಿಯೊದ ಸ್ವಗತ ಅವರ ಸ್ಥಿತಿಯನ್ನೇ ಹೇಳಿತು.

ಆಗಸ್ಟ್ ಹೊತ್ತಿಗೆ ಮಾತಿಗೆ ಮಾತು ಮರಳಿತು. ಕಂತಿನಲ್ಲಿ ಬೆರಳೆಣಿಕೆಯ ಪಾತ್ರಗಳಿದ್ದರೂ ಕೇಳುಗರಿಗೆ ಜೀವ ಬಂದಂತಾಯಿತು. 2021ರ ಜನವರಿ 1ರಂದು ಧಾರಾವಾಹಿಗೆ ಎಪ್ಪತ್ತು ವರ್ಷ ತುಂಬಿತು. 1950ರ ಪ್ರಯೋಗದಲ್ಲೇ ಪೆಗ್ಗಿ ಎಂಬ ಪಾತ್ರಕ್ಕೆ ದನಿ ಕೊಟ್ಟಿದ್ದ ಜೂನ್ ಸ್ಪೆನ್ಸರ್ ನಿವೃತ್ತರಾದದ್ದು 2022ರಲ್ಲಿ. ಆಗ ಅವರ ವಯಸ್ಸು 103! ಅರುವತ್ತಕ್ಕೇ ಬ್ಯಾಂಕು ಬಿಟ್ಟು ಬಂದ ನಾನು ಆ ಅಂಕಿಯನ್ನು ಎರಡು ಸಲ ಓದಿಕೊಂಡೆ.

ಮಕ್ಕಳೇ, ಇವತ್ತು ಸಂಜೆ ಪಾಠಪುಸ್ತಕದ ಯಾವುದಾದರೂ ನಾಟಕ ತೆಗೆಯಿರಿ. ಮೊದಲು ಎಲ್ಲ ಪಾತ್ರಗಳನ್ನೂ ನೀವೊಬ್ಬರೇ ಓದಿ. ಆಮೇಲೆ ಅರ್ಧ ಪಾತ್ರಗಳನ್ನು ಅಜ್ಜಿಗೆ ಕೊಡಿ. ಗೇಟಿನ ಸದ್ದು ಮಾಡಲು ಅಜ್ಜನನ್ನು ಕೂರಿಸಿ.